ಗಡ್ಡೆಯ ಅಳತೆ ಒಂದು, ಹಾರ್ಮೋನಿನ ಲೆಕ್ಕ ಇನ್ನೊಂದು

ಒಂದು ಗಡ್ಡೆಯ ಗಾತ್ರ 4 ಮಿಲಿಮೀಟರ್. ಎಂಆರ್‌ಐ ಚಿತ್ರದಲ್ಲಿ ಅದು ಇದೆಯೋ ಇಲ್ಲವೋ ಎಂದು ರೇಡಿಯಾಲಜಿಸ್ಟರಿಗೇ ಅನುಮಾನ. ಆದರೆ ಅದನ್ನು ಹೊತ್ತ ಹೆಂಗಸಿನ ಮುಖ ಊದಿ ದುಂಡಗಾಗಿದೆ, ಹೊಟ್ಟೆಯ ಮೇಲೆ ನೇರಳೆ ಬಣ್ಣದ ಅಗಲ ಗೆರೆಗಳೆದ್ದಿವೆ, ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಎರಡೂ ಹಿಡಿತಕ್ಕೆ ಸಿಗುತ್ತಿಲ್ಲ, ನೆಲದಲ್ಲಿ ಕೂತರೆ ಕೈ ಊರದೆ ಏಳಲಾಗುತ್ತಿಲ್ಲ. ಚಿಕಿತ್ಸೆಯಿಲ್ಲದೆ ಬಿಟ್ಟರೆ ಕೆಲವೇ ವರ್ಷಗಳಲ್ಲಿ ಪ್ರಾಣಕ್ಕೆ ಎರವಾಗಬಲ್ಲ ಕಾಯಿಲೆ ಇದು. ಇನ್ನೊಂದು ಗಡ್ಡೆ 40 ಮಿಲಿಮೀಟರ್. ಗಂಡಸೊಬ್ಬನ ಕಣ್ಣಿನ ನರಗಳನ್ನು ಕೆಳಗಿನಿಂದ ಒತ್ತುತ್ತಿದೆ. ರಿಪೋರ್ಟ್ ನೋಡಿ ಮನೆಯವರು ಕುಸಿದು ಕೂತಿದ್ದಾರೆ. ಈ ದೊಡ್ಡ ಗಡ್ಡೆ ವಾರಕ್ಕೆ ಎರಡು ಸಲ ನುಂಗುವ ಅರ್ಧ ಮಿಲಿಗ್ರಾಂ ಮಾತ್ರೆಗೆ ಬಗ್ಗುತ್ತದೆ. ಎಷ್ಟೋ ಸಲ ದಿನಗಳಲ್ಲೇ ಕಣ್ಣು ತಿಳಿಯಾಗತೊಡಗುತ್ತದೆ, ತಿಂಗಳುಗಳಲ್ಲಿ ಗಡ್ಡೆ ಕುಗ್ಗುತ್ತದೆ, ಶಸ್ತ್ರಚಿಕಿತ್ಸೆಯ ಮಾತೇ ಬರುವುದಿಲ್ಲ.

ಎರಡೂ ಹುಟ್ಟಿದ್ದು ಪಿಟ್ಯುಟರಿ ಎಂಬ ಒಂದೇ ಗ್ರಂಥಿಯಲ್ಲಿ. ಗಡ್ಡೆ ದೊಡ್ಡದಾದಷ್ಟೂ ಅಪಾಯ ದೊಡ್ಡದು ಎಂದು ನಾವೆಲ್ಲ ಸಹಜವಾಗಿ ನಂಬುತ್ತೇವೆ. ಪಿಟ್ಯುಟರಿಯ ವಿಷಯದಲ್ಲಿ ಈ ನಂಬಿಕೆ ಅರ್ಧ ಮಾತ್ರ ನಿಜ. ಉಳಿದರ್ಧ ತಿಳಿಯದೆ ಹೋದರೆ ಬೇಡದ ಶಸ್ತ್ರಚಿಕಿತ್ಸೆಯೂ ಆಗಬಹುದು, ಬೇಕಾದ ಶಸ್ತ್ರಚಿಕಿತ್ಸೆ ವರ್ಷಗಟ್ಟಲೆ ತಡವೂ ಆಗಬಹುದು.

ಮೂಗಿನ ಬುಡಕ್ಕೆ ನೇರ ಹಿಂದೆ, ತಲೆಬುರುಡೆಯ ತಳದ ಮೂಳೆಯಲ್ಲೊಂದು ಪುಟ್ಟ ಗುಳಿಯಿದೆ. ಅದರಲ್ಲಿ ಕಡಲೆಕಾಳಿನಷ್ಟು ಗಾತ್ರದ, ಸುಮಾರು ಅರ್ಧ ಗ್ರಾಂ ತೂಕದ ಈ ಗ್ರಂಥಿ ಕೂತಿದೆ. ಥೈರಾಯ್ಡ್, ಅಡ್ರಿನಲ್, ಅಂಡಾಶಯ, ವೃಷಣ ಇವೆಲ್ಲ ಎಷ್ಟು ಕೆಲಸ ಮಾಡಬೇಕೆಂದು ಹೇಳುವುದು ಇದೇ. ಎತ್ತರ ಬೆಳೆಸುವ ಹಾರ್ಮೋನು, ಎದೆಹಾಲು ಬರಿಸುವ ಪ್ರೊಲ್ಯಾಕ್ಟಿನ್ ಕೂಡ ಇಲ್ಲಿಂದಲೇ ಹೊರಡುತ್ತವೆ. ಬಹುಮಟ್ಟಿಗೆ ಒಂದೊಂದು ಹಾರ್ಮೋನಿಗೆ ಒಂದೊಂದು ಜಾತಿಯ ಕೋಶ. ಗಡ್ಡೆ ಯಾವ ಜಾತಿಯ ಕೋಶದಿಂದ ಹುಟ್ಟುತ್ತದೋ ಆ ಕೋಶದ ಕಸುಬನ್ನೇ ಮುಂದುವರಿಸುತ್ತದೆ, ಆದರೆ ಮೇಲಿನವರ ಮಾತು ಕೇಳದೆ. ಈ ಗಡ್ಡೆಗಳಲ್ಲಿ ಬಹುಪಾಲು ಕ್ಯಾನ್ಸರಿನಂತೆ ದೇಹದ ಬೇರೆ ಭಾಗಗಳಿಗೆ ಹರಡುವುದಿಲ್ಲ. ಅವು ಇರುವುದೂ ಮೆದುಳಿನ ಒಳಗಲ್ಲ, ಕೆಳಗೆ. ಮನೆಯವರಿಗೆ ಮೊದಲು ಹೇಳಬೇಕಾದ ಸಮಾಧಾನದ ಮಾತು ಇದು ಎಂದು ನನಗನ್ನಿಸುತ್ತದೆ.

ಹಾಗಿದ್ದೂ ಗಡ್ಡೆ ಎರಡು ಬಗೆಯಲ್ಲಿ ಕಾಡುತ್ತದೆ. ಮೊದಲನೆಯದು ಜಾಗದ ಜಗಳ. ಗುಳಿ ತುಂಬಿ ಮೇಲಕ್ಕೆ ಬೆಳೆದರೆ ಅಲ್ಲಿ ಎರಡು ಕಣ್ಣುಗಳ ನರಗಳು ಒಂದನ್ನೊಂದು ಹಾಯುವ ಸ್ಥಳವಿದೆ. ಅದು ಒತ್ತಿಹೋದರೆ ಎಡಬಲದ ಅಂಚಿನ ನೋಟ ಮಾಯವಾಗುತ್ತದೆ. ಪಕ್ಕಕ್ಕೆ ಬೆಳೆದರೆ ಮೆದುಳಿಗೆ ರಕ್ತ ಒಯ್ಯುವ ದೊಡ್ಡ ಧಮನಿಯೂ ಕಣ್ಣು ಹೊರಳಿಸುವ ನರಗಳೂ ಇರುವ ಕ್ಯಾವರ್ನಸ್ ಸೈನಸ್. ಗುಳಿಯೊಳಗೆ ಉಳಿದ ಒಳ್ಳೆಯ ಗ್ರಂಥಿ ನಲುಗಿದರೆ ಬೇರೆ ಹಾರ್ಮೋನುಗಳ ಕೊರತೆ. ಎರಡನೆಯದು ಗಡ್ಡೆ ತಾನೇ ಸುರಿಸುವ ಹಾರ್ಮೋನಿನ ಅತಿರೇಕ. ಎಂಆರ್‌ಐ ಅಳೆಯುವುದು ಮೊದಲನೆಯದನ್ನು. ಎರಡನೆಯದನ್ನು ರಕ್ತವೇ ಹೇಳಬೇಕು.

ಈ ಎರಡು ಅಳತೆಗಳು ಆಧುನಿಕ ವೈದ್ಯಕ್ಕೆ ದಕ್ಕಿದ್ದರಲ್ಲಿ ಕೆನಡಾದ ಮಾಂಟ್ರಿಯಲ್ ನಗರದ ಪಾಲು ದೊಡ್ಡದು, ಅದೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ. 1960ರ ದಶಕದಲ್ಲಿ ಅಲ್ಲಿನ ನೋಟ್ರ್ ಡಾಮ್ ಆಸ್ಪತ್ರೆಯ ಜೂಲ್ ಹಾರ್ಡಿ ಮೂಗಿನ ದಾರಿಯ ಶಸ್ತ್ರಚಿಕಿತ್ಸೆಗೆ ಸೂಕ್ಷ್ಮದರ್ಶಕವನ್ನು ತಂದರು. ಒಳ್ಳೆಯ ಗ್ರಂಥಿಯನ್ನು ಉಳಿಸಿ, ಅದರೊಳಗೆ ಅಡಗಿದ ಕೆಲವೇ ಮಿಲಿಮೀಟರಿನ ಗಡ್ಡೆಯನ್ನಷ್ಟೇ ತೆಗೆಯಬಹುದೆಂದು ತೋರಿಸಿದರು. 10 ಮಿಲಿಮೀಟರಿಗಿಂತ ಚಿಕ್ಕದಾದರೆ ಮೈಕ್ರೊ ಅಡೆನೋಮ, ಅಲ್ಲಿಂದ ಮೇಲೆ ಮ್ಯಾಕ್ರೊ ಅಡೆನೋಮ ಎಂಬ ಗೆರೆ ಬಳಕೆಗೆ ಬಂದದ್ದು ಆ ಕಾಲದ ಕೆಲಸದಿಂದ. ಅದೇ ನಗರದ ರಾಯಲ್ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಹೆನ್ರಿ ಫ್ರೀಸನ್ 1970ರ ಆಸುಪಾಸಿನಲ್ಲಿ ಇನ್ನೊಂದು ಪ್ರಶ್ನೆಯ ಬೆನ್ನು ಹತ್ತಿದ್ದರು. ಮನುಷ್ಯರಲ್ಲಿ ಪ್ರೊಲ್ಯಾಕ್ಟಿನ್ ಎಂಬ ಬೇರೆ ಹಾರ್ಮೋನು ಇದೆಯೇ ಎಂಬುದೇ ಆಗ ವಿವಾದ. ಬೆಳವಣಿಗೆಯ ಹಾರ್ಮೋನೇ ಆ ಕೆಲಸವನ್ನೂ ಮಾಡುತ್ತದೆ ಎಂದು ಅನೇಕರು ತಿಳಿದಿದ್ದರು. ಫ್ರೀಸನ್ ತಂಡ 1971ರಲ್ಲಿ ಅದನ್ನು ರಕ್ತದಲ್ಲಿ ಅಳೆಯುವ ಪರೀಕ್ಷೆಯನ್ನು ಪ್ರಕಟಿಸಿತು. ಅಲ್ಲಿಯವರೆಗೆ ಯಾವ ಹಾರ್ಮೋನನ್ನೂ ಮಾಡದ ಗಡ್ಡೆಗಳೆಂದು ಎಣಿಸಿದ್ದವುಗಳಲ್ಲಿ ಎಷ್ಟೋ ಗಡ್ಡೆಗಳು ಧಾರಾಳವಾಗಿ ಪ್ರೊಲ್ಯಾಕ್ಟಿನ್ ಸುರಿಸುತ್ತಿದ್ದವು ಎಂಬುದು ಆಮೇಲೆ ಗೊತ್ತಾಯಿತು.

ಗಾತ್ರಕ್ಕೂ ಹಾರ್ಮೋನಿಗೂ ಅತ್ಯಂತ ನೇರವಾದ ಸಂಬಂಧ ಇರುವುದು ಈ ಪ್ರೊಲ್ಯಾಕ್ಟಿನ್ ಗಡ್ಡೆಗಳಲ್ಲೇ. ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಸಾಮಾನ್ಯವಾಗಿ ಹೆಂಗಸರಲ್ಲಿ ಮಿಲಿಲೀಟರಿಗೆ 25 ನ್ಯಾನೊಗ್ರಾಂ ಒಳಗೆ, ಗಂಡಸರಲ್ಲಿ 20ರ ಒಳಗೆ ಇರುತ್ತದೆ. ಕೆಲವು ಮಿಲಿಮೀಟರಿನ ಗಡ್ಡೆಯಿದ್ದರೆ ನೂರರ ಆಚೀಚೆ ಏರುತ್ತದೆ. 10 ಮಿಲಿಮೀಟರ್ ದಾಟಿದರೆ 250ನ್ನು ಮೀರುವುದು ವಾಡಿಕೆ. ದೈತ್ಯ ಗಡ್ಡೆಗಳಲ್ಲಿ ಸಾವಿರಗಳ ಲೆಕ್ಕ. 500ಕ್ಕಿಂತ ಹೆಚ್ಚಿದ್ದರೆ ದೊಡ್ಡ ಪ್ರೊಲ್ಯಾಕ್ಟಿನ್ ಗಡ್ಡೆ ಇದೆಯೆಂದೇ ಬಹುತೇಕ ಹೇಳಬಹುದು.

ಈ ನೇರ ಸಂಬಂಧವೇ ವೈದ್ಯರಿಗೆ ಒಳ್ಳೆಯ ಸುಳಿವು. ಅದು ತಪ್ಪಿದಲ್ಲಿ ಏನೋ ಬೇರೆಯದೇ ನಡೆದಿದೆ ಎಂದರ್ಥ. 30 ಮಿಲಿಮೀಟರಿನ ಗಡ್ಡೆ ಇರುವ ಮೂವರನ್ನು ಊಹಿಸಿಕೊಳ್ಳಿ. ಮೊದಲನೆಯವರ ಪ್ರೊಲ್ಯಾಕ್ಟಿನ್ 3,000. ಗಾತ್ರಕ್ಕೂ ಸಂಖ್ಯೆಗೂ ತಾಳೆಯಾಯಿತು. ಮಾತ್ರೆ ಶುರು ಮಾಡಬಹುದು. ಎರಡನೆಯವರದು 70. ಹೆಚ್ಚೇನೋ ಹೌದು, ಆದರೆ ಅಷ್ಟು ದೊಡ್ಡ ಗಡ್ಡೆಗೆ ತೀರಾ ಕಡಿಮೆ. ಇಲ್ಲಿ ಗಡ್ಡೆ ಪ್ರೊಲ್ಯಾಕ್ಟಿನ್ ಮಾಡುತ್ತಲೇ ಇಲ್ಲ. ಮೆದುಳಿನ ಹೈಪೋಥಲಾಮಸ್‌ನಿಂದ ಸದಾ ಇಳಿದುಬರುವ ಡೋಪಮೈನ್ ಪ್ರೊಲ್ಯಾಕ್ಟಿನ್ ಕೋಶಗಳಿಗೆ ಕಡಿವಾಣ ಹಾಕಿರುತ್ತದೆ. ಬೇರೆ ಯಾವುದೋ ಗಡ್ಡೆ ಬೆಳೆದು ಗ್ರಂಥಿಯ ತೊಟ್ಟನ್ನು ಒತ್ತಿ ಆ ಡೋಪಮೈನ್ ಇಳಿಯದಂತೆ ಮಾಡಿದಾಗ, ಪಕ್ಕದ ಆರೋಗ್ಯವಂತ ಕೋಶಗಳು ಕಡಿವಾಣ ತಪ್ಪಿ ಸ್ವಲ್ಪ ಹೆಚ್ಚು ಸುರಿಸುತ್ತವೆ. ಹೀಗೆ ಏರಿದ ಪ್ರೊಲ್ಯಾಕ್ಟಿನ್ ಸಾಮಾನ್ಯವಾಗಿ ನೂರನ್ನು ದಾಟುವುದಿಲ್ಲ. ಮಾತ್ರೆ ಕೊಟ್ಟರೆ ರಕ್ತದ ಸಂಖ್ಯೆ ಚೆನ್ನಾಗಿ ಇಳಿದು ಎಲ್ಲರಿಗೂ ಸಂತೋಷವಾಗುತ್ತದೆ, ಗಡ್ಡೆ ಮಾತ್ರ ಇದ್ದಲ್ಲೇ ಇದ್ದು ಕಣ್ಣನ್ನು ತಿನ್ನುತ್ತಿರುತ್ತದೆ. ಇವರಿಗೆ ಬೇಕಾದದ್ದು ಶಸ್ತ್ರಚಿಕಿತ್ಸೆ.

ಮೂರನೆಯವರ ವರದಿಯಲ್ಲೂ 70 ಎಂದೇ ಇದೆ. ಆದರೆ ಅದೇ ರಕ್ತವನ್ನು ನೂರು ಪಟ್ಟು ತೆಳುವಾಗಿಸಿ ಮತ್ತೆ ಅಳೆದರೆ ಲೆಕ್ಕ 20,000ಕ್ಕೆ ನಿಲ್ಲಬಹುದು! ಈ ಪರೀಕ್ಷೆ ನಡೆಯುವುದು ಎರಡು ಪ್ರತಿಕಾಯಗಳು ಹಾರ್ಮೋನನ್ನು ಎರಡೂ ಕಡೆಯಿಂದ ಹಿಡಿದಾಗ. ಹಾರ್ಮೋನು ವಿಪರೀತ ಇದ್ದರೆ ಎರಡೂ ಪ್ರತಿಕಾಯಗಳು ಬೇರೆ ಬೇರೆ ಅಣುಗಳಿಂದಲೇ ತುಂಬಿಹೋಗಿ, ಜೋಡಿ ಕೂಡುವುದೇ ಇಲ್ಲ; ಯಂತ್ರ ಕಡಿಮೆ ಸಂಖ್ಯೆ ತೋರಿಸುತ್ತದೆ. ಇದಕ್ಕೆ ಹುಕ್ ಎಫೆಕ್ಟ್ ಎನ್ನುತ್ತಾರೆ. ಹೊಸ ಯಂತ್ರಗಳಲ್ಲಿ ಇದು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಹೀಗಾಗಿ ಗಡ್ಡೆ ದೊಡ್ಡದಿದ್ದು ಪ್ರೊಲ್ಯಾಕ್ಟಿನ್ ಅಲ್ಪ ಎಂದು ಬಂದಾಗ, ಮಾದರಿಯನ್ನು ತೆಳುವಾಗಿಸಿ ಇನ್ನೊಮ್ಮೆ ನೋಡಿ ಎಂದು ಲ್ಯಾಬಿಗೆ ಹೇಳಬೇಕು. ಈ ಒಂದು ಮಾತು ಹೇಳದೆ ಹೋದದ್ದಕ್ಕೆ ಮಾತ್ರೆಯಲ್ಲಿ ಕುಗ್ಗಬೇಕಿದ್ದ ಗಡ್ಡೆಗಳಿಗೆ ಶಸ್ತ್ರಚಿಕಿತ್ಸೆ ನಡೆದುಬಿಟ್ಟ ಉದಾಹರಣೆಗಳು ವೈದ್ಯಕೀಯ ಸಾಹಿತ್ಯದಲ್ಲಿವೆ. ಕಣ್ಣು ಕಳೆದುಕೊಳ್ಳುವ ತುರ್ತಿನ ನಡುವೆಯೂ ಪ್ರೊಲ್ಯಾಕ್ಟಿನ್ ಫಲಿತಾಂಶ ಕೈಗೆ ಬರುವವರೆಗೆ ಕಾಯುವುದು ಇದೇ ಕಾರಣಕ್ಕೆ.

ಗಡ್ಡೆಯೇ ಇಲ್ಲದೆ ಪ್ರೊಲ್ಯಾಕ್ಟಿನ್ ಏರುವುದೂ ಬಹಳ. ಬಸಿರು, ಬಾಣಂತನ ಸರಿಯೇ. ನಮ್ಮಲ್ಲಿ ಗ್ಯಾಸ್, ಹೊಟ್ಟೆಯುಬ್ಬರ ಎಂದು ಮೆಡಿಕಲ್ ಶಾಪಿನಿಂದ ತಂದು ತಿಂಗಳುಗಟ್ಟಲೆ ನುಂಗುವ ಕ್ಯಾಪ್ಸೂಲುಗಳಲ್ಲಿ ಡೊಂಪೆರಿಡೋನ್ ಅಥವಾ ಲೆವೊಸಲ್ಪಿರೈಡ್ ಬೆರೆತಿರುತ್ತದೆ; ಎರಡೂ ಡೋಪಮೈನ್‌ಗೆ ಅಡ್ಡ ನಿಲ್ಲುವ ಔಷಧಗಳು. ಮಾನಸಿಕ ಕಾಯಿಲೆಗೆ ಕೊಡುವ ರಿಸ್ಪೆರಿಡೋನ್ ಒಂದೇ ಪ್ರೊಲ್ಯಾಕ್ಟಿನ್ನನ್ನು 200ರ ಮೇಲೆ ಏರಿಸಬಲ್ಲದು. ಹಾಗೆಂದು ಮನೋವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಬಾರದು. ಥೈರಾಯ್ಡ್ ತೀರಾ ಕುಗ್ಗಿದ್ದರೂ ಪ್ರೊಲ್ಯಾಕ್ಟಿನ್ ಏರುತ್ತದೆ, ಜೊತೆಗೆ ಪಿಟ್ಯುಟರಿಯೇ ಊದಿ ಎಂಆರ್‌ಐಯಲ್ಲಿ ಥೇಟ್ ಗಡ್ಡೆಯಂತೆ ಕಾಣಬಹುದು. ಥೈರಾಕ್ಸಿನ್ ಮಾತ್ರೆ ಕೊಟ್ಟರೆ ಆ ಊತ ತಾನಾಗಿ ಇಳಿಯುತ್ತದೆ. ಥೈರಾಯ್ಡಿನ ಸ್ಥಿತಿ ತಿಳಿಸುವ ಅಗ್ಗದ ಟಿಎಸ್‌ಎಚ್ ಪರೀಕ್ಷೆಯೊಂದು ಇಲ್ಲಿ ದುಬಾರಿ ಸ್ಕ್ಯಾನಿನ ದಾರಿ ತಪ್ಪಿಸುವ ಚಿತ್ರವನ್ನು ತಿದ್ದುತ್ತದೆ.

ಪ್ರೊಲ್ಯಾಕ್ಟಿನ್ ಗಡ್ಡೆ ಹೆಂಗಸರಲ್ಲಿ ಹೆಚ್ಚಾಗಿ ಚಿಕ್ಕದಿರುವಾಗಲೇ ಸಿಕ್ಕಿಬೀಳುತ್ತದೆ. ಮುಟ್ಟು ತಪ್ಪುತ್ತದೆ, ಹೆರದೆಯೇ ಎದೆಯಲ್ಲಿ ಹಾಲು ಜಿನುಗುತ್ತದೆ, ಮಗುವಾಗುತ್ತಿಲ್ಲವೆಂದು ಆಸ್ಪತ್ರೆಗೆ ಹೋಗುತ್ತಾರೆ. ಗಂಡಸರಲ್ಲಿ ಸಿಗುವಾಗ ಗಡ್ಡೆ ಬಹುತೇಕ ದೊಡ್ಡದಾಗಿರುತ್ತದೆ. ಗಂಡಸರ ಗಡ್ಡೆಗಳು ಸ್ವಭಾವತಃ ಜೋರಾಗಿ ಬೆಳೆಯುವುದು ಒಂದು ಕಾರಣ. ಇನ್ನೊಂದು ಕಾರಣ ಮೌನ. ಲೈಂಗಿಕ ಆಸಕ್ತಿ ಕುಂದಿದ್ದನ್ನು, ಶಕ್ತಿ ಉಡುಗಿದ್ದನ್ನು ಗಂಡಸು ವಯಸ್ಸಿನ ಮೇಲೆ, ಕೆಲಸದ ಒತ್ತಡದ ಮೇಲೆ ಹಾಕಿ ಯಾರಿಗೂ ಹೇಳದೆ ಉಳಿಯುತ್ತಾನೆ. ಕಣ್ಣು ಮಂಜಾದ ಮೇಲೆ ಬರುತ್ತಾನೆ. ಮಕ್ಕಳಾಗದ ಮನೆಗಳಲ್ಲಿ ಹೆಂಡತಿಗೆ ಹತ್ತಾರು ಪರೀಕ್ಷೆ ಮಾಡಿಸುತ್ತಾರೆ, ಗಂಡನ ರಕ್ತ ಒಮ್ಮೆಯೂ ಲ್ಯಾಬಿಗೆ ಹೋಗಿರುವುದಿಲ್ಲ. ಇದನ್ನು ಬರೆಯುವಾಗ ನನಗೆ ಸಿಟ್ಟೂ ಸಂಕಟವೂ ಒಟ್ಟಿಗೇ ಬರುತ್ತವೆ, ಏಕೆಂದರೆ ಚಿಕಿತ್ಸೆ ಅಷ್ಟು ಸರಳವಿದೆ.

ಆ ಚಿಕಿತ್ಸೆ ಕ್ಯಾಬರ್ಗೋಲಿನ್. ಅದಕ್ಕೂ ಮೊದಲು ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಕಂಪನಿಯ ಬ್ರೋಮೊಕ್ರಿಪ್ಟಿನ್ ಇತ್ತು, ಈಗಲೂ ಇದೆ. ಎರಡೂ ಡೋಪಮೈನ್‌ನ ಕೆಲಸವನ್ನೇ ಮಾಡಿ ಕೋಶಕ್ಕೆ ಮತ್ತೆ ಕಡಿವಾಣ ಹಾಕುತ್ತವೆ. ಹಾರ್ಮೋನು ಇಳಿಯುವುದರ ಜೊತೆಗೆ ಕೋಶಗಳೇ ಕುಗ್ಗುವುದರಿಂದ ಗಡ್ಡೆಯ ಗಾತ್ರವೂ ಇಳಿಯುತ್ತದೆ; ದೇಹದ ಬೇರೆ ಗಡ್ಡೆಗಳಲ್ಲಿ ಇಂಥ ಭಾಗ್ಯ ಅಪರೂಪ. ಮೊದಮೊದಲು ವಾಕರಿಕೆ, ತಲೆಸುತ್ತು ಬರುವುದರಿಂದ ರಾತ್ರಿ ಊಟದ ಜೊತೆ, ಕಡಿಮೆ ಡೋಸಿನಿಂದ ಶುರು ಮಾಡುತ್ತಾರೆ. ಕೆಲವರಲ್ಲಿ ಹತೋಟಿಯಿಲ್ಲದೆ ಜೂಜಾಡುವ, ಕಂಡದ್ದೆಲ್ಲ ಕೊಳ್ಳುವ ಹುಚ್ಚು ಹುಟ್ಟುತ್ತದೆ. ಇದನ್ನು ರೋಗಿಗೆ ಮಾತ್ರವಲ್ಲ, ಮನೆಯವರಿಗೂ ಮೊದಲೇ ತಿಳಿಸಬೇಕು. ಸ್ವಭಾವ ಕೆಟ್ಟಿತೆಂದು ಜಗಳವಾಡುವ ಬದಲು ಮಾತ್ರೆಯ ಮೇಲೆ ಅನುಮಾನ ಪಡಬಹುದು. ಮೂಳೆಯನ್ನು ಕೊರೆದು ಇಳಿದ ದೈತ್ಯ ಗಡ್ಡೆ ಬೇಗ ಕುಗ್ಗಿದರೆ ಅದು ಮುಚ್ಚಿದ್ದ ರಂಧ್ರ ತೆರೆದುಕೊಂಡು ಮೂಗಿನಿಂದ ತಿಳಿನೀರು ಸೋರಬಹುದು. ಅದು ನೆಗಡಿಯಲ್ಲ, ಮೆದುಳಿನ ಸುತ್ತಲಿನ ದ್ರವ. ತಕ್ಷಣ ಆಸ್ಪತ್ರೆಗೆ ಹೋಗಬೇಕು. ಕನಿಷ್ಠ ಎರಡು ವರ್ಷ ಪ್ರೊಲ್ಯಾಕ್ಟಿನ್ ಸರಿಯಿದ್ದು ಗಡ್ಡೆ ಕಾಣದಂತಾದರೆ ಮಾತ್ರೆ ನಿಲ್ಲಿಸಿ ನೋಡಬಹುದು. ವರ್ಷಗಟ್ಟಲೆ ಮಾತ್ರೆ ಬೇಡವೆನ್ನುವವರಿಗೆ, ಗಡ್ಡೆ ಚಿಕ್ಕದಾಗಿ ಗುಳಿಯೊಳಗೇ ಇದ್ದರೆ, ನುರಿತವರ ಶಸ್ತ್ರಚಿಕಿತ್ಸೆಯೂ ಒಂದು ಮೊದಲ ಆಯ್ಕೆಯೇ ಎಂದು 2023ರ ಅಂತರರಾಷ್ಟ್ರೀಯ ತಜ್ಞರ ಒಮ್ಮತದ ಹೇಳಿಕೆ ಒಪ್ಪಿಕೊಂಡಿದೆ. ಬಸಿರು ನಿಂತಾಗ ಮಾತ್ರೆ ಸಾಮಾನ್ಯವಾಗಿ ನಿಲ್ಲಿಸುತ್ತಾರೆ. ಇಲ್ಲಿ ಗಾತ್ರ ಮತ್ತೆ ಮುಖ್ಯವಾಗುತ್ತದೆ: ಬಸಿರಿನಲ್ಲಿ ಚಿಕ್ಕ ಗಡ್ಡೆ ತೊಂದರೆ ಕೊಡುವಷ್ಟು ಬೆಳೆಯುವುದು ನೂರರಲ್ಲಿ ಎರಡು ಮೂರು ಜನರಲ್ಲಿ, ಮೊದಲೇ ಶಸ್ತ್ರಚಿಕಿತ್ಸೆಯಾಗದ ದೊಡ್ಡ ಗಡ್ಡೆಯಾದರೆ ಸುಮಾರು ಐವರಲ್ಲಿ ಒಬ್ಬರಲ್ಲಿ.

ಬೆಳವಣಿಗೆಯ ಹಾರ್ಮೋನಿನ ಗಡ್ಡೆಗಳಿಗೆ ಬಂದರೆ ಲೆಕ್ಕ ಇಷ್ಟು ನೇರವಿಲ್ಲ. ಎಳೆಯ ವಯಸ್ಸಿನಲ್ಲಿ ಬಂದರೆ ಮಿತಿಮೀರಿದ ಎತ್ತರ, ಎಲುಬುಗಳ ಬೆಳವಣಿಗೆ ನಿಂತ ಮೇಲೆ ಬಂದರೆ ಕೈಕಾಲು, ದವಡೆ, ಮೂಗು, ನಾಲಿಗೆ ದಪ್ಪವಾಗುವ ಆಕ್ರೊಮೆಗಲಿ. ಫ್ರಾನ್ಸಿನ ಪಿಯರ್ ಮಾರಿ 1886ರಲ್ಲಿ ಈ ಕಾಯಿಲೆಗೆ ಹೆಸರಿಟ್ಟ. ಅದಕ್ಕೆ ನೂರು ವರ್ಷ ಮೊದಲು ಲಂಡನ್ನಿನಲ್ಲಿ ಚಾರ್ಲ್ಸ್ ಬರ್ನ್ ಎಂಬ ಐರಿಶ್ ಯುವಕ ತನ್ನ ಎತ್ತರವನ್ನೇ ಪ್ರದರ್ಶನಕ್ಕಿಟ್ಟು ಬದುಕುತ್ತಿದ್ದ. 1783ರಲ್ಲಿ, 22ನೇ ವಯಸ್ಸಿಗೆ ತೀರಿಕೊಂಡ. ತನ್ನ ದೇಹವನ್ನು ಕಡಲಿಗೆ ಬಿಡಬೇಕೆಂದು ಬೇಡಿಕೊಂಡಿದ್ದರೂ ಶಸ್ತ್ರವೈದ್ಯ ಜಾನ್ ಹಂಟರ್ ಅದನ್ನು ಹಣಕೊಟ್ಟು ಪಡೆದು ಅಸ್ಥಿಪಂಜರ ಮಾಡಿ ಇಟ್ಟುಕೊಂಡ. 1909ರಲ್ಲಿ ಅಮೆರಿಕದ ನರಶಸ್ತ್ರವೈದ್ಯ ಹಾರ್ವೆ ಕುಶಿಂಗ್ ಆ ತಲೆಬುರುಡೆಯನ್ನು ತೆರೆಸಿ ನೋಡಿದಾಗ ಪಿಟ್ಯುಟರಿಯ ಗುಳಿ ಹಿಗ್ಗಿತ್ತು. 2011ರಲ್ಲಿ ಅವನ ಹಲ್ಲಿನಿಂದ ತೆಗೆದ ಡಿಎನ್‌ಎಯಲ್ಲಿ ಎಐಪಿ ಎಂಬ ಜೀನಿನ ದೋಷ ಸಿಕ್ಕಿತು. ಉತ್ತರ ಐರ್ಲೆಂಡಿನ ಕೆಲವು ಕುಟುಂಬಗಳಲ್ಲಿ ಇವತ್ತಿಗೂ ಅದೇ ದೋಷ ಹರಿದುಬರುತ್ತಿದೆ. ಆ ವಿಜ್ಞಾನದ ಬೆಲೆ ದೊಡ್ಡದು. ಆದರೂ ಲಂಡನ್ನಿನ ಹಂಟೇರಿಯನ್ ಮ್ಯೂಸಿಯಂ 2023ರಲ್ಲಿ ಮತ್ತೆ ತೆರೆದಾಗ ಅವನ ಅಸ್ಥಿಯನ್ನು ಪ್ರದರ್ಶನದಿಂದ ತೆಗೆದದ್ದು ಸರಿಯಾದ ಕೆಲಸ.

ಆಕ್ರೊಮೆಗಲಿ ಗೊತ್ತಾಗುವ ಹೊತ್ತಿಗೆ ಬಹುಪಾಲು ರೋಗಿಗಳ ಗಡ್ಡೆ 10 ಮಿಲಿಮೀಟರ್ ದಾಟಿರುತ್ತದೆ. ಏಕೆಂದರೆ ಬದಲಾವಣೆ ಅಷ್ಟು ನಿಧಾನ. ದಿನಾ ನೋಡುವ ಮನೆಯವರಿಗೆ ಗೊತ್ತಾಗುವುದಿಲ್ಲ. ಉಂಗುರ ಬೆರಳಿಗೆ ಏರುವುದಿಲ್ಲ, ಚಪ್ಪಲಿಯ ನಂಬರ್ ಹೆಚ್ಚುತ್ತದೆ, ಗೊರಕೆ ಜೋರಾಗುತ್ತದೆ, ಸಕ್ಕರೆ ಏರುತ್ತದೆ. ಹಳೆಯ ಮದುವೆ ಫೋಟೊ ತಂದು ಪಕ್ಕಕ್ಕಿಟ್ಟು ನೋಡುವುದು ವೈದ್ಯರಿಗೆ ಈಗಲೂ ಒಳ್ಳೆಯ ಪರೀಕ್ಷೆ. ಬೆಳವಣಿಗೆಯ ಹಾರ್ಮೋನು ಏರಿದಂತೆ ತಾನೂ ಏರುವ ಐಜಿಎಫ್-1 ಅನ್ನು ರಕ್ತದಲ್ಲಿ ಅಳೆದರೆ ಕಾಯಿಲೆ ಗೊತ್ತಾಗುತ್ತದೆ. ಒಟ್ಟಾರೆ ದೊಡ್ಡ ಗಡ್ಡೆಯಲ್ಲಿ ಹಾರ್ಮೋನು ಹೆಚ್ಚೇ, ಆದರೆ ಸೂಕ್ಷ್ಮದರ್ಶಕದಡಿ ಎರಡು ಬಗೆ ಕಾಣುತ್ತವೆ. ಒಂದರ ಕೋಶಗಳಲ್ಲಿ ಹಾರ್ಮೋನಿನ ಕಣಗಳು ಕಿಕ್ಕಿರಿದಿರುತ್ತವೆ: ಗಡ್ಡೆ ಚಿಕ್ಕದು, ಸ್ರಾವ ಹೆಚ್ಚು, ಹಾರ್ಮೋನನ್ನು ತಗ್ಗಿಸುವ ಆಕ್ಟ್ರಿಯೊಟೈಡ್ ಇಂಜೆಕ್ಷನ್‌ಗೆ ಚೆನ್ನಾಗಿ ಒಲಿಯುತ್ತದೆ. ಇನ್ನೊಂದರಲ್ಲಿ ಕಣಗಳು ವಿರಳ: ಹರೆಯದವರಲ್ಲಿ ಹೆಚ್ಚು, ಗಡ್ಡೆ ದೊಡ್ಡದು, ಸುತ್ತಲಿಗೆ ನುಗ್ಗುವಂಥದು, ಗಾತ್ರಕ್ಕೆ ಹೋಲಿಸಿದರೆ ಹಾರ್ಮೋನು ಕಡಿಮೆ, ಇಂಜೆಕ್ಷನ್‌ಗೂ ಅಷ್ಟಾಗಿ ಬಗ್ಗದು. ಒಂದೇ ಕಾಯಿಲೆಯ ಒಳಗೇ ಗಾತ್ರ ಮತ್ತು ಹಾರ್ಮೋನು ಹೀಗೆ ದಾರಿ ಬೇರೆ ಮಾಡಿಕೊಳ್ಳುತ್ತವೆ.

ಇಲ್ಲಿ ಮೊದಲ ಚಿಕಿತ್ಸೆ ಶಸ್ತ್ರಚಿಕಿತ್ಸೆ. ನುರಿತ ಕೈಗಳಲ್ಲಿ ಚಿಕ್ಕ ಗಡ್ಡೆಗಳಲ್ಲಿ ಹತ್ತಕ್ಕೆ ಎಂಟು ಮಂದಿಗಾದರೂ ಹಾರ್ಮೋನು ಹಿಡಿತಕ್ಕೆ ಬರುತ್ತದೆ. ದೊಡ್ಡ ಗಡ್ಡೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ. ಪೂರ್ತಿ ತೆಗೆಯಲಾಗದಿದ್ದರೂ ದೊಡ್ಡ ಪಾಲು ತೆಗೆದರೆ ಆಮೇಲಿನ ಔಷಧಿ ಚೆನ್ನಾಗಿ ಕೆಲಸ ಮಾಡುತ್ತದೆ. ಉಳಿದದ್ದಕ್ಕೆ ವಿಕಿರಣ. ಅಮೆರಿಕದ ರಾಬರ್ಟ್ ವಾಡ್ಲೋ 2.72 ಮೀಟರ್ ಬೆಳೆದು 1940ರಲ್ಲಿ 22ನೇ ವಯಸ್ಸಿಗೇ ತೀರಿಕೊಂಡಾಗ ಅವನ ಹಾರ್ಮೋನನ್ನು ತಡೆಯುವ ಔಷಧಿ ಯಾರ ಬಳಿಯೂ ಇರಲಿಲ್ಲ. ಟರ್ಕಿಯ ಸುಲ್ತಾನ್ ಕೋಸೆನ್ 2.51 ಮೀಟರ್ ಮುಟ್ಟಿದ್ದರು. 2010ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಗಾಮಾ ನೈಫ್ ವಿಕಿರಣ ಮತ್ತು ಔಷಧಿ ಸಿಕ್ಕ ಮೇಲೆ ಅವರ ಬೆಳವಣಿಗೆ ನಿಂತಿತು.

ಈಗ ಆರಂಭದಲ್ಲಿ ಹೇಳಿದ 4 ಮಿಲಿಮೀಟರಿನ ಗಡ್ಡೆ. ಅದು ಸುರಿಸುವುದು ಎಸಿಟಿಎಚ್. ಅದರ ಏಟಿಗೆ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಉಕ್ಕಿಸುತ್ತವೆ. ಹಾರ್ವೆ ಕುಶಿಂಗ್ 1912ರಲ್ಲಿ 23 ವರ್ಷದ ಯುವತಿಯೊಬ್ಬಳ ವಿಚಿತ್ರ ಕಾಯಿಲೆಯನ್ನು ವಿವರಿಸಿದರು. ಇಪ್ಪತ್ತು ವರ್ಷ ಅದರ ಬೆನ್ನು ಬಿಡದೆ 1932ರಲ್ಲಿ, ಇದಕ್ಕೆ ಪಿಟ್ಯುಟರಿಯ ಅತಿ ಚಿಕ್ಕ ಗಡ್ಡೆಗಳು ಕಾರಣ ಎಂದು ವಾದಿಸಿದರು. ಇಷ್ಟು ಚಿಕ್ಕದು ಇಷ್ಟು ದೊಡ್ಡ ಕಾಯಿಲೆ ತರಬಹುದೆಂದು ನಂಬುವುದು ಸುಲಭವಿರಲಿಲ್ಲ. ಕುಶಿಂಗ್ ಕಾಯಿಲೆಯ ಗಡ್ಡೆಗಳಲ್ಲಿ ಹತ್ತಕ್ಕೆ ಒಂಬತ್ತು ಮೈಕ್ರೊ ಗಡ್ಡೆಗಳೇ. ಮೂವರಲ್ಲಿ ಒಬ್ಬರ ಎಂಆರ್‌ಐಯಲ್ಲಾದರೂ ಏನೂ ಕಾಣುವುದಿಲ್ಲ.

ಇಲ್ಲಿ ಗಾತ್ರ ಮತ್ತು ಹಾರ್ಮೋನಿನ ಸಂಬಂಧ ಬಹುತೇಕ ತಲೆಕೆಳಗು. ದೊಡ್ಡ ಎಸಿಟಿಎಚ್ ಗಡ್ಡೆಗಳು ಎಸಿಟಿಎಚ್ಚನ್ನು ಹೆಚ್ಚು ಹೊರಬಿಟ್ಟರೂ ಕಾರ್ಟಿಸಾಲ್ ಆ ಪ್ರಮಾಣದಲ್ಲಿ ಏರುವುದಿಲ್ಲ. ಕೆಲವಂತೂ ಕೋಶದೊಳಗೆ ಎಸಿಟಿಎಚ್ ತುಂಬಿಕೊಂಡಿದ್ದರೂ ಕಾರ್ಟಿಸಾಲಿನ ಯಾವ ಲಕ್ಷಣವನ್ನೂ ತೋರಿಸದೆ, ಕಣ್ಣಿನ ನರ ಒತ್ತುವವರೆಗೆ ಸದ್ದಿಲ್ಲದೆ ಬೆಳೆಯುತ್ತವೆ. ಕಾರ್ಟಿಸಾಲ್ ತನ್ನನ್ನು ಹುಟ್ಟಿಸಿದ ಗಡ್ಡೆಯನ್ನು ಸ್ವಲ್ಪಮಟ್ಟಿಗೆ ಅದುಮಿ ಇಟ್ಟಿರುತ್ತದೆ ಎಂಬುದು ತಿಳಿದದ್ದು ಕಹಿ ಅನುಭವದಿಂದ. ಹಿಂದೆ ಗಡ್ಡೆ ಸಿಗದಿದ್ದಾಗ ಎರಡೂ ಅಡ್ರಿನಲ್ ಗ್ರಂಥಿಗಳನ್ನು ತೆಗೆದುಹಾಕುತ್ತಿದ್ದರು. ಕಾರ್ಟಿಸಾಲ್ ನಿಂತ ಮೇಲೆ ಕೆಲವರಲ್ಲಿ ಪಿಟ್ಯುಟರಿ ಗಡ್ಡೆ ಹಿಡಿತವಿಲ್ಲದೆ ಬೆಳೆದು ಚರ್ಮ ಕಪ್ಪಾಯಿತು. ಡಾನ್ ನೆಲ್ಸನ್ 1958ರಲ್ಲಿ ಇದನ್ನು ವರದಿ ಮಾಡಿದ್ದರಿಂದ ಅದಕ್ಕೆ ನೆಲ್ಸನ್ ಸಿಂಡ್ರೋಮ್ ಎಂಬ ಹೆಸರು ನಿಂತಿದೆ.

ಆದ್ದರಿಂದ ಕುಶಿಂಗ್ ಅನುಮಾನವಿದ್ದಾಗ ಮೊದಲು ಸ್ಕ್ಯಾನಿಗೆ ಓಡುವುದು ತಪ್ಪು ಕ್ರಮ. ನಡುರಾತ್ರಿಯ ಉಗುಳಿನ ಕಾರ್ಟಿಸಾಲ್, 24 ಗಂಟೆಯ ಮೂತ್ರ, ರಾತ್ರಿ 11ಕ್ಕೆ 1 ಮಿಲಿಗ್ರಾಂ ಡೆಕ್ಸಾಮೆಥಸೋನ್ ನುಂಗಿ ಬೆಳಗ್ಗೆ 8ಕ್ಕೆ ರಕ್ತ ಕೊಡುವ ಪರೀಕ್ಷೆ, ಇವು ಮೊದಲು. ಅದಕ್ಕೂ ಮೊದಲು ಒಂದು ಪ್ರಶ್ನೆ: ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದೀರಾ? ಮೈಬಣ್ಣ ಬೆಳ್ಳಗಾಗಿಸುವ, ಹುಳುಕಡ್ಡಿ ವಾಸಿಮಾಡುವ ಕ್ರೀಮುಗಳಲ್ಲಿ, ಮಂಡಿನೋವಿಗೆಂದು ಹೆಸರಿಲ್ಲದ ಪೊಟ್ಟಣದಲ್ಲಿ ಕೊಡುವ ಪುಡಿ, ಮಾತ್ರೆಗಳಲ್ಲಿ ಸ್ಟೀರಾಯ್ಡ್ ಅಡಗಿರುವುದು ನಮ್ಮೂರುಗಳಲ್ಲಿ ಅಪರೂಪವಲ್ಲ. ಇದೇ ಮುಖ, ಇದೇ ನೇರಳೆ ಗೆರೆ ಅದರಿಂದಲೂ ಬರುತ್ತವೆ, ಅದೂ ಪಿಟ್ಯುಟರಿ ಗಡ್ಡೆಗಿಂತ ಎಷ್ಟೋ ಹೆಚ್ಚು ಜನರಿಗೆ. ಗಡ್ಡೆ ಇರುವುದು ರಕ್ತದಿಂದ ಖಚಿತವಾಗಿ ಚಿತ್ರದಲ್ಲಿ ಕಾಣದಿದ್ದರೆ, ತೊಡೆಸಂದಿಯ ರಕ್ತನಾಳಗಳ ಮೂಲಕ ಸಣ್ಣ ಕೊಳವೆಗಳನ್ನು ಪಿಟ್ಯುಟರಿಯ ಎರಡೂ ಪಕ್ಕದವರೆಗೆ ಏರಿಸಿ ಅಲ್ಲಿನ ರಕ್ತವನ್ನೇ ತೆಗೆಯುತ್ತಾರೆ. ತೋಳಿನ ರಕ್ತಕ್ಕಿಂತ ಅಲ್ಲಿ ಎಸಿಟಿಎಚ್ ಎರಡು ಪಟ್ಟು, ಪ್ರಚೋದಿಸಿದ ಮೇಲೆ ಮೂರು ಪಟ್ಟು ಇದ್ದರೆ ಮೂಲ ಪಿಟ್ಯುಟರಿಯೇ.

ಹಾರ್ಮೋನನ್ನೇ ಸುರಿಸದ ಗಡ್ಡೆಗಳ ಕಥೆ ಚಿಕ್ಕದು. ಅವುಗಳಲ್ಲಿ ಗಾತ್ರವೇ ಎಲ್ಲ. ಚಿಕ್ಕದಿದ್ದರೆ ನೋಡುತ್ತಾ ಇರಬಹುದು, ಕಣ್ಣಿನ ನರ ಮುಟ್ಟಿದರೆ ತೆಗೆಯಬೇಕು. ಇವರಲ್ಲಿ ಹುಡುಕಬೇಕಾದದ್ದು ಹಾರ್ಮೋನುಗಳ ಕೊರತೆ. ಥೈರಾಯ್ಡ್ ಮತ್ತು ಕಾರ್ಟಿಸಾಲ್ ಎರಡೂ ಕಡಿಮೆಯಿದ್ದರೆ ಮೊದಲು ಸ್ಟೀರಾಯ್ಡ್ ಕೊಟ್ಟು ಆಮೇಲೆ ಥೈರಾಕ್ಸಿನ್ ಕೊಡಬೇಕು. ಕ್ರಮ ತಪ್ಪಿದರೆ ಜೀವಕ್ಕೇ ಅಪಾಯ. ಹಠಾತ್ತನೆ ಸಿಡಿಯುವ ತಲೆನೋವು, ವಾಂತಿ, ಎರಡೆರಡಾಗಿ ಕಾಣುವುದು ಬಂದರೆ ಗಡ್ಡೆಯೊಳಗೆ ರಕ್ತಸ್ರಾವವಾಗಿರಬಹುದು. ಅದು ತುರ್ತು ಸ್ಥಿತಿ.

ತಲೆನೋವಿಗೋ ಬಿದ್ದ ಪೆಟ್ಟಿಗೋ ಮಾಡಿಸಿದ ಎಂಆರ್‌ಐಯಲ್ಲಿ ಸುಮ್ಮನೆ ಕಣ್ಣಿಗೆ ಬೀಳುವ ಪಿಟ್ಯುಟರಿ ಗಡ್ಡೆಗಳು ಈಗ ಬಹಳ. ಹತ್ತು ವಯಸ್ಕರಲ್ಲಿ ಒಬ್ಬರಿಗಾದರೂ ಇಂಥದ್ದೊಂದು ಇರುತ್ತದೆ. ತೊಂದರೆ ಕೊಡುವಂಥದ್ದು ಇರುವುದು ಸುಮಾರು ಸಾವಿರಕ್ಕೆ ಒಬ್ಬರಲ್ಲಿ. ಹಾಗಾಗಿ ವರದಿಯಲ್ಲಿ 3 ಮಿಲಿಮೀಟರ್ ಎಂದು ಓದಿದ ಕೂಡಲೇ ನರಶಸ್ತ್ರವೈದ್ಯರ ಬಾಗಿಲಲ್ಲಿ ನಿಲ್ಲಬೇಕಿಲ್ಲ. ಮೊದಲು ಹಾರ್ಮೋನು ತಜ್ಞರು. ಪ್ರೊಲ್ಯಾಕ್ಟಿನ್, ಐಜಿಎಫ್-1, ಲಕ್ಷಣವಿದ್ದರೆ ಕಾರ್ಟಿಸಾಲ್. 10 ಮಿಲಿಮೀಟರ್ ದಾಟಿದ್ದರೆ ಎಲ್ಲ ಹಾರ್ಮೋನುಗಳ ಜೊತೆಗೆ ಕಣ್ಣಿನ ನೋಟದ ಹರವಿನ ಪರೀಕ್ಷೆ.

ಶಸ್ತ್ರಚಿಕಿತ್ಸೆ ಬೇಕೆಂದಾದರೆ ಮಿಲಿಮೀಟರಿಗಿಂತ ಮುಖ್ಯವಾದ ಒಂದು ಪ್ರಶ್ನೆಯಿದೆ: ಗಡ್ಡೆ ಯಾವ ಕಡೆಗೆ ಬೆಳೆದಿದೆ? ನೇರ ಮೇಲಕ್ಕೆ ಬೆಳೆದ 25 ಮಿಲಿಮೀಟರಿನದನ್ನು ಪೂರ್ತಿ ತೆಗೆಯಬಹುದು. ಪಕ್ಕಕ್ಕೆ ನುಗ್ಗಿ ಧಮನಿಯನ್ನು ಸುತ್ತಿದ 15 ಮಿಲಿಮೀಟರಿನದು ಉಳಿದುಬಿಡಬಹುದು. 1993ರಲ್ಲಿ ವಿಯೆನ್ನಾದ ಎಂಗೆಲ್ಬರ್ಟ್ ಕ್ನೋಸ್ಪ್ ಇದಕ್ಕೆ ಕೊಟ್ಟ ಶ್ರೇಣಿಯನ್ನು ಎಂಆರ್‌ಐ ವರದಿಗಳಲ್ಲಿ ಈಗಲೂ ಬರೆಯುತ್ತಾರೆ. ಇನ್ನೊಂದು ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಬೇಕು: ಈ ಶಸ್ತ್ರಚಿಕಿತ್ಸೆಯನ್ನು ನೀವು ವರ್ಷಕ್ಕೆ ಎಷ್ಟು ಮಾಡುತ್ತೀರಿ? ಪಿಟ್ಯುಟರಿಯಲ್ಲಿ ಫಲಿತಾಂಶ ನಿಂತಿರುವುದು ಕೈಯ ಅಭ್ಯಾಸದ ಮೇಲೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ, ಇಂಥ ಗಡ್ಡೆಗಳನ್ನು ನಿತ್ಯ ನೋಡುವ ಕೇಂದ್ರಕ್ಕೆ ದೂರದೂರಿನಿಂದ ಹೋಗಿ ಸರದಿಯಲ್ಲಿ ಕಾಯುವುದು ಅದಕ್ಕಾಗಿಯೇ ಸಾರ್ಥಕ.

ಕುಶಿಂಗ್ ಗಡ್ಡೆ ತೆಗೆಸಿಕೊಂಡವರ ಮನೆಯವರಿಗೆ ಒಂದು ವಿಷಯ ತಿಳಿದಿರಬೇಕು. ಗಡ್ಡೆ ಪೂರ್ತಿ ಹೋಗಿದ್ದರೆ ಮುಂದಿನ ದಿನಗಳಲ್ಲಿ ಕಾರ್ಟಿಸಾಲ್ ನೆಲಕಚ್ಚುತ್ತದೆ, ಏಕೆಂದರೆ ವರ್ಷಗಟ್ಟಲೆ ಅದುಮಿಹೋದ ಒಳ್ಳೆಯ ಕೋಶಗಳು ಇನ್ನೂ ಎದ್ದಿರುವುದಿಲ್ಲ. ರೋಗಿಗೆ ಮೈಕೈ ನೋವು, ವಿಪರೀತ ಸುಸ್ತು, ಊಟ ಸೇರದು. ಮೊದಲಿಗಿಂತ ಹಾಳಾದೆ ಅನ್ನಿಸುತ್ತದೆ. ವೈದ್ಯರಿಗೆ ಅದು ಶಸ್ತ್ರಚಿಕಿತ್ಸೆ ಗೆದ್ದ ಗುರುತು. ಗ್ರಂಥಿ ಎಚ್ಚರಗೊಳ್ಳಲು ಆರು ತಿಂಗಳು, ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಅಲ್ಲಿಯವರೆಗೆ ಹೈಡ್ರೊಕಾರ್ಟಿಸೋನ್ ಮಾತ್ರೆಯೇ ಆಸರೆ. ಸ್ಟೀರಾಯ್ಡ್ ಕೆಟ್ಟದೆಂದು ಯಾರೋ ಹೇಳಿದರೆಂದು ಅದನ್ನು ತಾವಾಗಿ ನಿಲ್ಲಿಸಬಾರದು. ಜ್ವರ ಬಂದ ದಿನ ವೈದ್ಯರು ಹೇಳಿಕೊಟ್ಟಂತೆ ಡೋಸ್ ಹೆಚ್ಚಿಸಬೇಕು. ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಷ್ಟು ವಾಂತಿಯಾದರೆ ಬೆಳಗಾಗಲಿ ಎಂದು ಕಾಯದೆ, ಇಂಜೆಕ್ಷನ್‌ಗಾಗಿ ಹತ್ತಿರದ ಆಸ್ಪತ್ರೆಗೆ ಹೋಗಬೇಕು; ಹೋದ ಕೂಡಲೇ, ತಾನು ಪಿಟ್ಯುಟರಿ ಶಸ್ತ್ರಚಿಕಿತ್ಸೆಯಾಗಿ ಸ್ಟೀರಾಯ್ಡ್ ಮೇಲಿರುವ ರೋಗಿ ಎಂದು ಡ್ಯೂಟಿ ಡಾಕ್ಟರಿಗೆ ಹೇಳಬೇಕು.